ಹಳೆ ಕುಲುಮೆಯ ಪಂಜು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಪಾಳಿ ಮುಗಿಸಿ ಮುಖವನ್ನಷ್ಟೇ ತೊಳೆದು ಬಂದಿರುವ ಸಹೋದ್ಯೋಗಿಗಳೇ, ಸಭಿಕರೇ,

ಈ ಭಾಷಣವನ್ನು ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದೆ. ನಾನು ಓದಿದ್ದು ಆ ಭಾಷೆಯಲ್ಲಿ. ಆದರೆ ಮುಂದಿನ ಸಾಲಿನಲ್ಲಿ ಅಮ್ಮ ಕೂತಿದ್ದಾರೆ. ಅವರಿಗೆ ಅರ್ಥವಾಗದ ಸನ್ಮಾನ ನನಗೇಕೆ? ಹಾಳೆ ಮಡಚಿಟ್ಟಿದ್ದೇನೆ.

ಹಿತ್ತಾಳೆ ಹಿಡಿಯ ಈ ಪಂಜನ್ನು ನನಗೆ ಕೊಟ್ಟಿದ್ದೀರಿ. ಹೊಸಬರಿಗೆ ಒಂದು ಮಾತು: ಕಲ್ಲಿದ್ದಲ ಕುಲುಮೆಯ ಒಳಗಿನ ಇಟ್ಟಿಗೆ ಬದಲಿಸಿದಾಗ ಮೊದಲ ಬೆಂಕಿ ಇಡುವವರು ವಿಭಾಗದ ಹಿರಿಯರೇ, ಪಂಜಿನಿಂದಲೇ. ಅವರು ಇಡದೆ ಬೇರೆ ಯಾರೂ ಕೈ ಹಾಕುವುದಿಲ್ಲ. ಒಂದು ಕಾಲಕ್ಕೆ ನನ್ನ ಅಪ್ಪ ಇಟ್ಟಿದ್ದರು. ಬರುವ ಸೋಮವಾರ ನಾನು ಇಡಬೇಕಂತೆ.

ಸಮುದ್ರದಾಚೆಯವರು ನಮ್ಮ ಉಕ್ಕಿನ ಮೇಲೆ ಇಂಗಾಲದ ಸುಂಕ ಹಾಕಿದ್ದಾರೆ. ಕರಗಿಸುವಾಗ ಹೆಚ್ಚು ಹೊಗೆ ಬಿಟ್ಟರೆ ಗಡಿಯಲ್ಲಿ ಹೆಚ್ಚು ಸುಂಕ. ಸಿಟ್ಟು ನನಗೂ ಬಂತು. ತಲೆಮಾರುಗಟ್ಟಲೆ ಕಲ್ಲಿದ್ದಲು ಸುಟ್ಟು ಸಿರಿವಂತರಾದವರು ನಮಗೆ ಪಾಠ ಹೇಳಬೇಕೇ? ಹೋಗಿ ಅಳಲು ತೋಡಿಕೊಂಡೆವು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಯಿತು. ಈ ಗಾದೆ ಕಟ್ಟಿದವರು ನಮ್ಮ ರಫ್ತು ವಿಭಾಗದಲ್ಲೇ ಇದ್ದಿರಬೇಕು!

ಕೊನೆಗೆ ವಿದ್ಯುತ್ ಕುಲುಮೆ ತಂದೆವು, ಗುಜರಿ ಕಬ್ಬಿಣ ಕರಗಿಸಿದೆವು, ಸುಂಕ ಇಳಿಯಿತು. ಅದಕ್ಕೇ ಈ ಸನ್ಮಾನ. ಹಳೆಯ ಕುಲುಮೆ ಆರಿದ ವಾರ ಅಮ್ಮ ಬಟ್ಟೆಯ ಹಗ್ಗವನ್ನು ಅಡುಗೆಮನೆಯಿಂದ ಬಿಚ್ಚಿ ಅಂಗಳಕ್ಕೆ ಕಟ್ಟಿದರು. ಅಲ್ಲಿಯವರೆಗೆ ಹೊರಗೆ ಹಾಕಿದ ಬಟ್ಟೆಗೆಲ್ಲ ಮಸಿ. ನನ್ನ ಬಿಳಿ ಯೂನಿಫಾರ್ಮು ಒಲೆಯ ಮೇಲೆ ಒಣಗಿ, ಈರುಳ್ಳಿಯ ವಾಸನೆ ಹೊತ್ತು ನನ್ನ ಜೊತೆ ಶಾಲೆಗೆ ಬರುತ್ತಿತ್ತು. ಅಪ್ಪನ ಕೆಮ್ಮಿನ ವಿಷಯ ಎತ್ತಬಾರದು ಎಂದುಕೊಂಡೇ ಬಂದಿದ್ದೆ. ಎತ್ತುವುದಿಲ್ಲ.

ಕಳೆದ ವಾರ ನಿರ್ದೇಶಕರು ಕರೆದು ಹೇಳಿದರು: "ಹೊಸ ಕುಲುಮೆ ಉಕ್ಕೆಲ್ಲ ಹಡಗು ಹತ್ತಲಿ ಮೇಡಂ. ಇಲ್ಲಿನ ಆರ್ಡರಿಗೆ ಹಳೇದನ್ನೇ ಹೊತ್ತಿಸಿ, ಇಟ್ಟಿಗೆ ಬದಲಿಸಿ ಆಗಿದೆ. ಇಲ್ಯಾರು ಹೊಗೆ ಲೆಕ್ಕ ಕೇಳ್ತಾರೆ?" ಅವರು ಇಲ್ಲೇ ಇದ್ದಾರೆ, ತಪ್ಪು ಹೇಳಿದ್ದರೆ ತಿದ್ದಲಿ.

ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. "ಅಂದ್ರೆ ಉಕ್ಕು ಅವರಿಗೆ, ಹೊಗೆ ನಮಗೆ ಅನ್ನು. ಒಳ್ಳೆ ಪಾಲು ಮಾಡಿದ್ದೀರ ಕಣೇ!" ಎಂದರು. ಆಮೇಲೆ, "ಹಗ್ಗ ಮತ್ತೆ ಒಳಗೆ ಕಟ್ಲಾ?" ಎಂದರು.

ಹಳೆಯದು ಹೊತ್ತಿದರೆ ನಿಮ್ಮಲ್ಲಿ ಹಲವರಿಗೆ ಕೆಲಸ, ಗೊತ್ತು. ಆ ಅನ್ನವನ್ನೇ ನಾನೂ ಉಂಡವಳು. ನನ್ನ ಇಂಗ್ಲಿಷೂ ಆ ಕುಲುಮೆ ಹಾಕಿದ ಭಿಕ್ಷೆಯೇ. ಹಾಗಿರುವಾಗ ಬೇಡವೆನ್ನಲು ನಾನು ಯಾರು? ವಾರವಿಡೀ ಕೇಳಿಕೊಂಡಿದ್ದೇನೆ. ಆದರೆ ಅಷ್ಟೇ ಜನಕ್ಕೆ ಕೆಲಸ ಕೊಡಬಹುದಾಗಿದ್ದ ಎರಡನೆಯ ವಿದ್ಯುತ್ ಕುಲುಮೆಗೆ ಪಾಯ ತೋಡಿ ಅರ್ಧಕ್ಕೆ ಬಿಟ್ಟವರು ಯಾರು? ಅದರಲ್ಲೀಗ ಕಪ್ಪೆಗಳಿಗೆ ಪೂರ್ತಿ ಪಾಳಿ ಸಿಕ್ಕಿದೆ. ಆ ಕೆಲಸ ಸೋಮವಾರ ಶುರುವಾಗಲಿ, ಮೊದಲ ಬುಟ್ಟಿ ನಾನು ಹೊರುತ್ತೇನೆ. ಬೆಂಕಿ ಮಾತ್ರ ಇಡುವುದಿಲ್ಲ. ನನ್ನ ಜಾಗಕ್ಕೆ ಬೇರೆಯವರನ್ನು ತರುತ್ತೀರಾ? ತನ್ನಿ. ಪಂಜು ಇಗೋ, ಈ ಮೇಜಿನ ಮೇಲಿದೆ. ಹೂಗುಚ್ಛ ಒಯ್ಯುತ್ತೇನೆ, ಹೂವಿನ ತಪ್ಪೇನೂ ಇಲ್ಲ.

ಕಿವಿಗೊಟ್ಟು ಕೇಳಿದವರಿಗೂ, ಗಡಿಯಾರ ನೋಡುತ್ತಾ ಕೂತವರಿಗೂ ವಂದನೆಗಳು.

ಅಮ್ಮಾ, ಹಗ್ಗ ಅಂಗಳದಲ್ಲೇ ಇರಲಿ.

ನಮಸ್ಕಾರ.