ಎಲ್ಲಿಗೆ ಮಿಸ್?

ಸರಗೂರಿನ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಟೀಚರುಗಳು ನನ್ನ ಪಕ್ಕ ಕೂತಿದ್ದರು. ಹಿರಿಯವರು ಮಾತು ತೆಗೆದರು.

“ನಿನ್ ಲೆಕ್ಕದ ವಿಡಿಯೋ ಚೆನ್ನಾಗೈತೆ ಅಂತಾವ್ರೆ ಕಣೇ ಪದ್ಮಶ್ರೀ.”

“ಮೀನಾ ಅನ್ನಲ್ಲ ಅಕ್ಕ. ಕಣ್ ಕಾಣಲ್ವಲ್ಲ, ಆ ಹುಡ್ಗಿ. ನಾನು ಬೋರ್ಡ್ ಮೇಲೆ ಬೆರಳಿಟ್ಟು ‘ಇದನ್ನ ಇಲ್ಲಿಗೆ ಹಾಕಿ’ ಅಂತೀನಿ. ಅವ್ಳು ಫೋನ್ ಮಾಡಿ ‘ಯಾವ್ದನ್ನ, ಎಲ್ಲಿಗೆ ಮಿಸ್?’ ಅಂತಾಳೆ.”

“ಅವ್ರಜ್ಜಿ ನೋಡಿ ಹೇಳ್ತಾರೆ ಬುಡು.”

“ಹೇಳ್ತಾರೆ. ‘ನಿಮ್ ಮಿಸ್ಸು ಹಸ್ರು ಸೀರೆ ಉಟ್ಟವ್ರೆ’ ಅಂತ.”

“ಒಬ್ಳಿಗೋಸ್ಕರ ಎಲ್ಲಾ ಮತ್ತೆ ಮಾಡಕ್ಕಾಯ್ತದಾ?”

“ನಿನ್ನೆ ಆ ವಿಡಿಯೋನ ಕಣ್ ಮುಚ್ಕೊಂಡು ಕೇಳ್ದೆ. ಪಾಠ ಮಾಡ್ದೋಳು ನಂಗೇ ಒಂದ್ ಲೆಕ್ಕಾನೂ ಅರ್ಥ ಆಗ್ಲಿಲ್ಲ ಅಕ್ಕ.”

ಬಸ್ಸು ಬಂತು. ಹಿರಿಯವರು ಮೊದಲು ಹತ್ತಿ ಒಳಗಿನಿಂದ ಕೂಗಿದರು.

“ಬಾರೇ, ಇಲ್ಲೈತೆ ಜಾಗ!”

ಆಮೇಲೆ ಸ್ವಲ್ಪ ತಡೆದು, “ಡ್ರೈವರ್ ಹಿಂದ್ಗಡೆ, ಕಿಟ್ಕಿ ಪಕ್ಕ” ಅಂದರು.