ಹಿಂದಿನ ಕುರ್ಚಿ

ಜೆರಾಕ್ಸ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಒಬ್ಬರು ಟೀಚರು, ಅವರ ಮುಂದೆ ಅವರದೇ ಪಾಠದ ಮೇಲೆ ಸಂಶೋಧನೆ ಮಾಡಿದ ಹುಡುಗಿ.

“ಎರಡು ವರ್ಷ ನನ್ನ ಕ್ಲಾಸಲ್ಲಿ ಹಿಂದೆ ಕೂತು ಬರ್ಕೊಂಡೆ. ಒಂದಿನಾನೂ ನಗಲಿಲ್ವಲ್ಲೇ ತಾಯಿ!”

“ನಗಬಾರದು, ತಲೆಯಾಡಿಸಬಾರದು ಅಂತ ನಿಯಮ ಮೇಡಂ. ನಿಮ್ಮ ಪಾಠ ಬದಲಾಗಿಬಿಡುತ್ತೆ ಅಂತ.”

“ಬದಲಾಯ್ತಾ?”

“ತುಂಬಾ. ಮಕ್ಕಳ ಉತ್ತರಕ್ಕೆ ಕಾಯೋಕೆ ಶುರು ಮಾಡಿದ್ರಿ. ನಿಮಗೆ ಕೊಟ್ಟ ತರಬೇತಿಯಿಂದ ಅಂತ ವರದೀಲಿ ಬರ್ದಿದೀನಿ.”

“ತರಬೇತಿ, ಮಣ್ಣಂಗಟ್ಟಿ! ಇಪ್ಪತ್ತಾರು ವರ್ಷದಲ್ಲಿ ನನ್ನ ಪಾಠ ಕೂತು ಕೇಳಿದ ದೊಡ್ಡೋರು ಅಂದ್ರೆ ನೀನೊಬ್ಬಳೇ. ಕುರ್ಚಿ ಅಲ್ಲೇ ಇದೆ, ಒಂದ್ಸಲ ಬಾ.”

“ಅಧ್ಯಯನ ಮುಗೀತಲ್ಲ ಮೇಡಂ.”

“ಸುಮ್ನೆ ಬಾ. ಬರ್ಕೋಬೇಡ. ಬೇಕಾದ್ರೆ ನಗು.”

ಹುಡುಗಿ ತಲೆಯಾಡಿಸಿ, ವರದಿಯ ಪ್ರತಿಗಳನ್ನು ಎತ್ತಿಕೊಂಡು ಹೋದಳು. ಮುಂದಿನ ಸರದಿ ಟೀಚರದು. ಅವರು ಸಾಲು ಬಿಟ್ಟು ನಡೆದರು. ಜೆರಾಕ್ಸ್ ಮಾಡಿಸೋಕೆ ಅವರ ಕೈಯಲ್ಲಿ ಒಂದು ಹಾಳೆಯೂ ಇರಲಿಲ್ಲ.