ಡಬ್ಬಿಯೊಳಗಿನ ಕ್ಯಾರೆಟ್

ಒಂದಾನೊಂದು ಊರಿನಲ್ಲಿ ಅನ್ನ ಬಿಟ್ಟ ನಾಯಿಯೊಂದಿತ್ತು. ನನ್ನ ಅಜ್ಜಿಯಾಗಿದ್ದರೆ ಈ ಕಥೆಯನ್ನು ಹೀಗೆಯೇ ಶುರು ಮಾಡುತ್ತಿದ್ದಳು. ನಾನು ಆ ನಾಯಿಯನ್ನು ಕಂಡದ್ದು ರಿಪ್ಪನ್‌ಪೇಟೆಯ ಪಶುವೈದ್ಯರ ಜಗುಲಿಯಲ್ಲಿ, ನಮ್ಮ ಬೆಕ್ಕನ್ನು ಚೀಲದಲ್ಲಿಟ್ಟುಕೊಂಡು ಕಾಯುತ್ತಿದ್ದಾಗ. ನಾಯಿಯ ಹೆಸರು ಬಂಟ; ಪಕ್ಕದ ಬೆಂಚಿನಲ್ಲಿ ಅದರ ಮನೆಯವರು, ಶಾಂತಿರಾಜಯ್ಯ ಮತ್ತು ಅವರ ಹೆಂಡತಿ ಪ್ರಭಾವತಮ್ಮ. ಜೈನರು, ಗಡ್ಡೆಗೆಣಸು ಮುಟ್ಟದವರು, ಹೊತ್ತು ಮುಳುಗಿದ ಮೇಲೆ ಉಣ್ಣದವರು. ಡಾಕ್ಟರು ಕೊಟ್ಟ ನಾಯಿ ಊಟದ ಡಬ್ಬಿಯನ್ನು ಪ್ರಭಾವತಮ್ಮ ಕನ್ನಡಕಕ್ಕೆ ತಾಗಿಸಿ ಓದುತ್ತಿದ್ದರು.

“ರೀ, ಇದು ನಮ್ಮ ಬಂಟನಿಗೆ ಆಗೂದಿಲ್ಲ.”

“ಕೋಳಿ ಇದೆ ಅಂತಲಾ? ನಾನು ಮೊದಲೇ ಹೇಳ್ದೆ.”

“ಕೋಳಿ ಇರ್ಲಿ ಬಿಡಿ, ನಾಯಿ ಜನ್ಮ. ಕ್ಯಾರೆಟ್ ಹಾಕಿದಾರೆ ನೋಡಿ!”

“ಕೋಳಿ ಆಗ್ತದೆ, ಕ್ಯಾರೆಟ್ ಆಗಲ್ವಾ?”

“ಕೋಳಿ ತಿನ್ನೂದು ಅದರ ಸ್ವಭಾವ. ಗಡ್ಡೆ ಅಗೆದು ತಿನ್ನೋ ನಾಯಿ ಎಲ್ಲಾದ್ರೂ ಕಂಡಿದೀರಾ?”

“ಮೊನ್ನೆಯಿಂದ ಮೊಸರನ್ನ ಮೂಸಿಯೂ ನೋಡಿಲ್ಲ ಮಾರಾಯ್ತಿ. ಇವತ್ತೂ ತಿನ್ನದಿದ್ರೆ ಉಳಿಯೂದು ಕಷ್ಟ ಅಂದ್ರಲ್ಲ ಡಾಕ್ಟ್ರು.”

“ತಿನ್ನಿಸಿಯೇ ಕರ್ಕೊಂಡು ಹೋಗ್ತೀನಿ ಅಂತ ಅವರಿಗೆ ಮಾತು ಕೊಟ್ಟವಳೂ ನಾನೇ.”

“ಹಾಗಾದ್ರೆ ಬೇಗ ಹಾಕು. ಹೊತ್ತು ಮುಳುಗಿದ್ರೆ ಬಂಟನಿಗೂ ರಾತ್ರಿ ಊಟ ಬೇಡ ಅಂತೀಯ.”

ಪ್ರಭಾವತಮ್ಮ ಪಡುವಣಕ್ಕೊಮ್ಮೆ ನೋಡಿದರು. ಮೂಗಿಗೆ ಸೆರಗು ಹಿಡಿದು ಡಬ್ಬಿಯನ್ನು ಬಟ್ಟಲಿಗೆ ಸುರಿದು, ಮುಖ ತಿರುಗಿಸಿ ಕೂತರು.

“ಮೂಸ್ತಿದಾನಾ?”

“ತಿಂತಿದಾನೆ ಕಣೇ!”

ಬಟ್ಟಲಿನ ಸದ್ದು ನಿಂತ ಮೇಲೆ ಪ್ರಭಾವತಮ್ಮ ಮೆಲ್ಲಗೆ ತಿರುಗಿದರು. ತಳದಲ್ಲಿ ಕೆಂಪು ಚೂರುಗಳಷ್ಟೇ ಉಳಿದಿದ್ದವು.

“ಕಂಡ್ರಾ? ಕ್ಯಾರೆಟ್ ಬಿಟ್ಟಿದಾನೆ! ನಮ್ಮ ಮನೆಯವನು!” ಎಂದು ಕಣ್ಣೊರೆಸಿಕೊಂಡು, ಬಟ್ಟಲನ್ನೂ ಬಂಟನನ್ನೂ ಎತ್ತಿಕೊಂಡು ಆಟೋ ಹತ್ತಿದರು.

ಬಿಸಿಲು ಇನ್ನೂ ಹೆಂಚಿನ ಮೇಲಿತ್ತು.